ಏರಿನಲ್ಲಿ ನಡುಗುವ ಕಾರು

ನಮ್ಮ ಪಕ್ಕದ ಮನೆಯ ಸೈದಲವಿಯವರ ಕೈಗೆ ಹಳೇ ಸೈಕಲ್ ಟ್ಯೂಬು ಒಂದು ಸಿಕ್ಕರೆ ಸಾಕು, ಲೋಕವನ್ನೇ ಕಟ್ಟಿ ನಿಲ್ಲಿಸಿಬಿಡುತ್ತಾರೆ. ಬಾವಿಯ ಪಂಪಿನ ಪೈಪು, ಕೋಳಿಗೂಡಿನ ಬಾಗಿಲು, ಬಟ್ಟೆ ಒಣಹಾಕುವ ಹಗ್ಗ, ಮೊಮ್ಮಗಳ ಸ್ಕೂಲ್ ಬ್ಯಾಗಿನ ಪಟ್ಟಿ, ತಮ್ಮದೇ ಕೊಡೆಯ ಹಿಡಿ, ಎಲ್ಲದಕ್ಕೂ ಟ್ಯೂಬಿನ ಪಟ್ಟಿ ಸುತ್ತಿ ಒಂದು ಗಂಟು. ಎರಡು ಸುತ್ತು ಬಲಕ್ಕೆ, ಒಂದು ಎಡಕ್ಕೆ, ತುದಿಯನ್ನು ಒಳಗೆ ತೂರಿಸಿ ಜಗ್ಗಿದರೆ ಮುಗಿಯಿತು. ಆ ಗಂಟನ್ನು ಇವತ್ತಿನವರೆಗೆ ಬಿಚ್ಚಿದವರಿಲ್ಲ. ಕತ್ತರಿಸಬೇಕು, ಕತ್ತರಿಸಿದ ಮೇಲೆ ಅವರ ಬೈಗುಳ ಕೇಳಬೇಕು.

ನಾನು ಶೋಭನ. ಬಟ್ಟೆ ಹೊಲಿಯುತ್ತೇನೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಸೊಂಟದೆತ್ತರದ ಗೋಡೆ. ನಮ್ಮ ಕಡೆಯಿಂದ ಮೀನುಸಾರು ಆ ಕಡೆ ಹೋಗುತ್ತದೆ, ಆ ಕಡೆಯಿಂದ ಜಗಳ ಈ ಕಡೆ ಬರುತ್ತದೆ. ಹಾಗಾಗಿ ಈ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ. ಇದ್ದರೂ ಸೈದಲವಿಯವರ ಹೆಂಡತಿ ಬೀಕುಟ್ಟಿ ಉಮ್ಮ ಗೋಡೆಯ ಮೇಲೆ ಮೊಣಕೈ ಊರಿ ಆಮೇಲೆ ಹೇಳಿದ್ದಾರೆ.

ಜಗಳ ಶುರುವಾದದ್ದು ಊಟದ ಹೊತ್ತಿಗೆ. ಮಗ ಜಂಶೀರನಿಗೆ ಪೇಟೆಯಲ್ಲಿ ಕೋಳಿ ಅಂಗಡಿ. ಒಳ್ಳೆಯದೆಲ್ಲ ಗಿರಾಕಿಗೆ ಹೋಗಿ, ಉಳಿದ ಲಿವರು, ಕತ್ತು, ಬೆನ್ನು ಮನೆಗೆ ಬರುತ್ತವೆ. ಅವನ ಮಗಳು ನಿದಾ ಆವತ್ತು ತಟ್ಟೆಯಲ್ಲಿ ಬೆರಳಾಡಿಸುತ್ತಾ, “ವಲ್ಯುಮ್ಮಾ, ಕೋಳಿಗೆ ಕಾಲಿರುತ್ತೆ ಅನ್ನೋದನ್ನ ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದು,” ಅಂದಳು. ಅಜ್ಜಿ ನಕ್ಕರು. ಜಂಶೀರ್ ನಗಲಿಲ್ಲ.

“ಇವತ್ತೂ ಇಬ್ರು ಡ್ರೈವಿಂಗ್ ಕ್ಲಾಸು ಬಿಟ್ಟು ಹೋದ್ರಂತೆ?” ಅಂದ ಹೆಂಡತಿಯ ಕಡೆ ತಿರುಗಿ.

“ಬಿಟ್ಟು ಹೋಗಿಲ್ಲ ಇಕ್ಕ. ಕಾರು ಸರಿಯಾದ ಮೇಲೆ ಬರ್ತೀವಿ ಅಂದಿದಾರೆ,” ಅಂದಳು ಜುಮೈಲ.

“ಆಮೇಲೆ ಬರ್ತೀನಿ ಅನ್ನೋ ಗಿರಾಕಿ ಏನಾಗ್ತಾನೆ ಅಂತ ನನ್ನ ಕೇಳು. ಪಕ್ಕದ ಅಂಗಡೀಲಿ ನಿಂತಿರ್ತಾನೆ.”

“ಅದು ಕೋಳಿ ವ್ಯಾಪಾರ. ಇದು ಡ್ರೈವಿಂಗ್ ಸ್ಕೂಲು.”

“ಕೋಳೀನೂ ನಿನ್ನ ಕಾರಿನಷ್ಟು ನಡುಗಲ್ಲ ಜುಮೀ, ಚಾಕು ತೋರಿಸಿದ್ರೂ! ಮಾರಿಬಿಡೋಣ. ಆ ದುಡ್ಡಿಗೆ ಒಂದು ಗೂಡ್ಸ್ ಆಟೋ ಬರುತ್ತೆ. ಹೋಟೆಲುಗಳಿಗೆ ನಾನೇ ಕೋಳಿ ಹಾಕ್ತೀನಿ. ನೀನು ಅಂಗಡೀಲಿ ಗಲ್ಲಾ ನೋಡ್ಕೋ. ಫ್ಯಾನ್ ಹಾಕಿಸ್ತೀನಿ.”

ಜುಮೈಲ ಕೈಯಲ್ಲಿದ್ದ ಪತ್ತಿರಿ ರೊಟ್ಟಿಯನ್ನು ತಟ್ಟೆಗೆ ಇಟ್ಟಳು. ಈ ಊರಿನಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಅರ್ಧಕ್ಕರ್ಧ ಅವಳ ಕೈಯಲ್ಲಿ ಕಲಿತವರು. ಅಂಗನವಾಡಿ ಟೀಚರು, ಮಸೀದಿಯ ಉಸ್ತಾದರ ಹೆಂಡತಿ, ನಾನು ಕೂಡ. ನಾನು ಎರಡನೇ ಸಲ ಪಾಸಾದದ್ದು, ಅದರಲ್ಲಿ ಅವಳ ತಪ್ಪೇನಿಲ್ಲ. ಆ ಹುಡುಗಿಗೆ ಆ ಪುಟ್ಟ ಬಿಳಿ ಕಾರಿನ ಎಡಗಡೆ ಸೀಟಿನಲ್ಲಿ, ತನ್ನ ಕಾಲಡಿಯ ಎರಡನೇ ಬ್ರೇಕು ಕ್ಲಚ್ಚುಗಳ ಮೇಲೆ ಪಾದವಿಟ್ಟು ಕೂತಾಗ ಬರುವ ಕಳೆ ಕೋಳಿ ಅಂಗಡಿಯ ಫ್ಯಾನಿನಡಿ ಬರುವುದಿಲ್ಲ. ಅದು ಜಂಶೀರನಿಗೂ ಗೊತ್ತಿತ್ತು. ಅವನೇನು ಕೆಟ್ಟವನಲ್ಲ, ಅವಸರದವನು.

“ಉಪ್ಪ, ನೀವು ಹೇಳಿ,” ಅಂದಳು ಜುಮೈಲ ಮಾವನಿಗೆ. ಕಾರು ಕೊಂಡದ್ದು ಸೈದಲವಿಯವರ ನಿವೃತ್ತಿಯ ದುಡ್ಡಿನಿಂದ, ಕಾಗದಪತ್ರದಲ್ಲಿರುವುದೂ ಅವರ ಹೆಸರೇ.

ಸೈದಲವಿಯವರು ಸರ್ವಿಸ್ ಪೂರ್ತಿ ಘಾಟಿ ರಸ್ತೆಯಲ್ಲಿ ಬಸ್ಸು ಓಡಿಸಿದವರು. ಊಟಕ್ಕೆ ಕೂತರೂ ಸ್ಟೇರಿಂಗ್ ಮುಂದೆ ಕೂತ ಹಾಗೆ ನೆಟ್ಟಗೆ ಕೂರುತ್ತಾರೆ. ನೀರು ಕುಡಿದು ತೀರ್ಪು ಕೊಟ್ಟರು. “ಬೇಸಿಗೆ ರಜ ಮುಗಿಯೋದರೊಳಗೆ ನಡುಕ ನಿಲ್ಲಬೇಕು. ನಿಲ್ಲದಿದ್ರೆ ಮಾರೋದೇ. ನಡುಗೋ ಗಾಡೀಲಿ ಜನರನ್ನ ಕೂರಿಸಬಾರದು.”

ಹೀಗೆ ಜುಮೈಲಳ ಸ್ಕೂಲಿಗೆ ಗಡುವು ಬಿತ್ತು.

ನಡುಕ ಎಂದರೆ ಎಂಥದ್ದು ಅಂತ ಹೇಳಬೇಕು. ಸಮತಟ್ಟಾದ ರಸ್ತೆಯಲ್ಲಿ ಕಾರು ನೀರಿನ ಮೇಲಿನ ದೋಣಿಯ ಹಾಗೆ ಹೋಗುತ್ತಿತ್ತು. ಪಾಲಕುನ್ನಿನ ಏರು ಹತ್ತುವಾಗ ಮಾತ್ರ ಸ್ಟೇರಿಂಗು ಗಡಗಡ ಅಲ್ಲಾಡಿ, ಕಾಲಡಿಯ ತಗಡೂ ಜೊತೆಗೆ ಕುಣಿಯುತ್ತಿತ್ತು. ತಮಾಷೆಯೆಂದರೆ, ಮೊದಮೊದಲು ಯಾರೂ ಅದು ಕಾರಿನ ನಡುಕ ಎಂದು ತಿಳಿಯಲೇ ಇಲ್ಲ. ಕಲಿಯಲು ಬಂದ ಹೆಂಗಸರೆಲ್ಲ ತಮ್ಮ ಕೈಯೇ ನಡುಗುತ್ತಿದೆ ಅಂದುಕೊಂಡರು. ಜುಮೈಲಳೂ ಹಾಗೇ ತಿಳಿದು, “ಹೆದರಬೇಡಿ, ಭುಜ ಸಡಿಲ ಬಿಡಿ,” ಅನ್ನುತ್ತಿದ್ದಳು. ಹಾಲಿನ ಡೈರಿಯ ಸುಲೈಖ ಹೋಗಿ ಉಸ್ತಾದರ ಹತ್ತಿರ ನೀರಿಗೆ ಕುರ್‌ಆನ್ ಓದಿಸಿ ಊದಿಸಿಕೊಂಡು ಬಂದಳು. ಒಬ್ಬಳು ತಂದದ್ದೇ ಸಾಕು, ಉಳಿದವರೂ ತಂದರು. ನೋಡನೋಡುತ್ತಾ ಹಿಂದಿನ ಸೀಟಿನ ತುಂಬ ನೀರಿನ ಬಾಟಲಿಗಳು. ಏರಿನ ಬುಡಕ್ಕೆ ಬಂದ ಕೂಡಲೇ ಬಿಸ್ಮಿ ಹೇಳಿ ಆಳಿಗೊಂದು ಗುಟುಕು. ಉಸ್ತಾದರ ನೀರಿಗೂ ಜಗ್ಗದ ನಡುಕ ನೋಡಿ ಇಬ್ಬರು, “ನಮ್ಮ ಹಣೇಲಿ ಡ್ರೈವಿಂಗ್ ಬರೆದಿಲ್ಲ,” ಎಂದು ಮನೆಯಲ್ಲೇ ಕೂತರು. ಎಲ್ಲರ ಕೈಯೂ ಅದೇ ಏರಿನಲ್ಲೇ ನಡುಗುವುದನ್ನು ಕಂಡ ಮೇಲೆ ಜುಮೈಲಳಿಗೆ ಕಾರಿನ ಮೇಲೆ ಅನುಮಾನ ಬಂತು.

ಆ ಗುಟುಕು ಕುಡಿಯುತ್ತಿದ್ದವರಲ್ಲಿ ಬೀಕುಟ್ಟಿ ಉಮ್ಮ ಕೂಡ ಒಬ್ಬರು!

ಹೌದು, ಅತ್ತೆಗೆ ಸೊಸೆಯೇ ಡ್ರೈವಿಂಗ್ ಕಲಿಸುತ್ತಿದ್ದಳು. ಮನೆಯ ಗಂಡಸರಿಬ್ಬರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಕೆಲಸ ಮುಗಿಸಿ “ಸಂಘದ ಮೀಟಿಂಗು” ಎಂದು ಉಮ್ಮ ಹೊರಡುವರು. ಮಸೀದಿ ತಿರುವಿನಲ್ಲಿ ಕಾರು ಕಾಯುತ್ತಿರುತ್ತಿತ್ತು. “ಇದೇನು, ದಿನಾ ಮೀಟಿಂಗು? ಸರ್ಕಾರ ಬೀಳಿಸ್ತೀರಾ?” ಅಂತ ಸೈದಲವಿಯವರು ಕೇಳಿದರೆ, “ನಿಮ್ಮ ಬಸ್ಸಿಗಿಂತ ಜಾಸ್ತಿ ಟ್ರಿಪ್ಪು ನಮ್ಮ ಸಂಘಕ್ಕೆ,” ಅಂದು ಚಪ್ಪಲಿ ಮೆಟ್ಟುವರು. ಮದುವೆಯಾದಾಗಿನಿಂದ ಗಂಡ ಬಸ್ಸು ಓಡಿಸುವುದನ್ನು ಹೆಂಗಸರ ಸೀಟಿನಿಂದ ನೋಡಿದವರು. ಒಂದೇ ಒಂದು ಸಲ ತಾವೂ ಏರು ಹತ್ತಿಸಬೇಕು ಅಂತ ಆಸೆ. ಆ ಆಸೆಯನ್ನು ಗೋಡೆಯ ಬಳಿ ನನಗೆ ಹೇಳಿದಾಗ ಮುಖ ಕೆಂಪಾಗಿತ್ತು.

ಅತ್ತ ಸೈದಲವಿಯವರು ನಡುಕದ ಚಿಕಿತ್ಸೆಯನ್ನು ತಾವೇ ಕೈಗೆತ್ತಿಕೊಂಡರು. “ಹಿಂದೆ ನಡುಗಿದ್ರೆ ಶಾಫ್ಟು, ಮುಂದೆ ನಡುಗಿದ್ರೆ ಚಕ್ರ. ಇಷ್ಟಕ್ಕೆ ಇಂಜಿನಿಯರ್ ಬೇಕಾ?” ಎಂದು ಮೆಕ್ಯಾನಿಕ್ ಸುಗುಣನ ಗ್ಯಾರೇಜಿಗೆ ಕಾರು ಒಯ್ದರು. ಚಕ್ರಗಳಿಗೆ ಸೀಸದ ತುಂಡು ಅಂಟಿಸಿ ಬ್ಯಾಲೆನ್ಸಿಂಗ್ ಆಯಿತು. ಏರಿನಲ್ಲಿ ಮತ್ತೆ ನಡುಗಿತು. ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಬಂತು. ನಡುಕ ಕದಲಲಿಲ್ಲ. ಮುಂದಿನ ವಾರ ಎಂಜಿನನ್ನು ಹಿಡಿದಿಡುವ ರಬ್ಬರು ಹೊಸದು ಹಾಕಿಸಿದರು. ಸುಗುಣ ಒಬ್ಬನೇ ಹೈವೇಯಲ್ಲಿ ಓಡಿಸಿ ಬಂದು, “ಬೆಣ್ಣೆ ಹಾಗಿದೆ, ಇಕ್ಕಾ,” ಅಂದ. ಮಾರನೇ ದಿನ ಸುಲೈಖಳ ಗುಂಪು ತುಂಬಿಕೊಂಡು ಏರು ಹತ್ತಿದರೆ ಅದೇ ಗಡಗಡ.

“ಉಪ್ಪ, ಶಾಫ್ಟು ನೋಡಿಸಿದ್ರಾ?” ಎಂದು ಜುಮೈಲ ಕೇಳಿದಳು. “ನಿಮ್ಮ ಬಸ್ಸಲ್ಲಿ ಹಿಂದಿನ ಚಕ್ರ ದೂಡುತ್ತೆ. ಇದರಲ್ಲಿ ಎಳೆಯೋದು ಮುಂದಿನ ಚಕ್ರ, ತಿರುಗೋದೂ ಅದೇ. ಎಂಜಿನಿನ ಬಲ ಚಕ್ರಕ್ಕೆ ಮುಟ್ಟಿಸೋ ಶಾಫ್ಟೂ ಮುಂದೇನೇ ಇರೋದು.”

“ಎಳೆಯೋದೂ ಅದೇ, ದಾರಿ ಹಿಡಿಯೋದೂ ಅದೇ,” ಬೀಕುಟ್ಟಿ ಉಮ್ಮ ಒಲೆಯ ಹತ್ತಿರದಿಂದ ಅಂದರು, “ಹಿಂದಿನವು ಸುಮ್ಮನೆ ಬರ್ತವೆ. ನಮ್ಮನೆ ಹಾಗೇನೇ.”

ಸೈದಲವಿಯವರಿಗೆ ಸಿಟ್ಟು ಬಂತು. “ಶಾಫ್ಟು ನಾನು ನೋಡಿದೀನಿ. ಅದು ಸರಿ ಇದೆ. ಆ ಕಾರಲ್ಲಿ ಸರಿ ಇರೋದು ಅದೊಂದೇ!”

ಸುಗುಣನೂ ಅದನ್ನೇ ಹೇಳಿದ್ದ. ಅಷ್ಟು ದೊಡ್ಡವರು ನೋಡಿದ್ದೀನಿ ಅಂದಮೇಲೆ ಮತ್ತೆ ಕೆಳಗೆ ತೂರಿ ನೋಡುವುದು ಮರ್ಯಾದೆಯಲ್ಲ ಅಂತ ಅವನ ಲೆಕ್ಕ.

ರಜ ಮುಗಿಯುತ್ತಾ ಬಂತು. ಜಂಶೀರ್ ಬ್ರೋಕರ್ ಹೈದ್ರೋಸನಿಗೆ ಶನಿವಾರ ಬರಲು ಹೇಳಿದ. ಜುಮೈಲ ಮಾತು ಕಡಿಮೆ ಮಾಡಿದಳು. ಬಟ್ಟೆ ಒಣಹಾಕುವಾಗ ಗೋಡೆಯ ಈಚೆಯಿಂದ ನಾನು ಕೂಗಿದರೂ ತಿರುಗಲಿಲ್ಲ. ಆವತ್ತು ನಾನು ಒಂದು ರವಿಕೆಯ ತೋಳನ್ನೇ ತಿರುವುಮುರುವು ಹೊಲಿದೆ. ಕಾರು ಹೋದರೆ ನನಗೇನು ನಷ್ಟ? ಏನಿಲ್ಲ. ಆದರೂ ಹೊಲಿಗೆ ನೆಟ್ಟಗೆ ಬೀಳಲಿಲ್ಲ.

ಗುರುವಾರ ಸಂಜೆ ಉಮ್ಮ ಪತ್ತಿರಿ ತಟ್ಟುತ್ತಿದ್ದರು. ಅಕ್ಕಿಹಿಟ್ಟಿನ ಉಂಡೆ ಅಂಗೈಯಡಿ ಸುತ್ತಿ ಹುಣ್ಣಿಮೆ ಚಂದ್ರನಾಗುತ್ತಿತ್ತು. ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು.

“ಮೋಳೇ, ಇಲ್ಲಿ ನೋಡು,” ಎಂದು ಹಿಟ್ಟು ಮೆತ್ತಿದ ಎರಡೂ ಕೈ ಸೊಸೆಯ ಮುಂದೆ ಚಾಚಿದರು. “ನಡುಗ್ತಿದೆಯಾ?”

“ಇಲ್ಲ ಉಮ್ಮ.”

“ಇಷ್ಟು ತೆಳ್ಳಗೆ ತಟ್ಟೋ ಕೈ ಕಾರಲ್ಲಿ ಯಾಕೆ ನಡುಗಬೇಕು? ಮೊದಲು ನೀನೂ ಭಯ ಅಂದೆ. ಭಯ ಅಂದ್ರೆ ಇಳಿಜಾರಲ್ಲಿ ತಾನೇ ಜಾಸ್ತಿ ಆಗಬೇಕು? ಇಳಿಯುವಾಗ ನನ್ನ ಜೀವ ಬಾಯಿಗೆ ಬಂದಿರುತ್ತೆ, ಸ್ಟೇರಿಂಗ್ ಮಾತ್ರ ಕಲ್ಲಿನ ಹಾಗಿರುತ್ತೆ. ಏರಲ್ಲಿ ಕಾಲು ಒತ್ತಿದ್ರೆ ನಡುಗುತ್ತೆ, ಎತ್ತಿದ್ರೆ ನಿಲ್ಲುತ್ತೆ. ನನ್ನ ಭಯಕ್ಕೆ ಆಕ್ಸಿಲರೇಟರ್ ಇದೆಯಾ?”

ಜುಮೈಲ ನೆಟ್ಟಗೆ ಕೂತಳು. “ಸುಗುಣ ಓಡಿಸಿದಾಗ ನಡುಗಲ್ಲ. ನಾನೊಬ್ಳೇ ಹೋದ್ರೂ ಇಲ್ಲ.”

“ಒಬ್ಬೊಬ್ರೇ ಹೋಗ್ತೀರಿ. ಹಿಂದೆ ಮೂರು ಜನ ಕೂತಾಗ ಹೋಗಿ ನೋಡು. ಸುಲೈಖ ಬಂದ ದಿನ ಇನ್ನೂ ಜಾಸ್ತಿ. ಅವಳ ಗಾತ್ರ ಗೊತ್ತಲ್ಲ.”

“ಹಿಂದೆ ಭಾರ ಬಿದ್ರೆ ಮೂತಿ ಮೇಲಾಗುತ್ತೆ,” ಜುಮೈಲ ಅಂಗೈಯನ್ನು ಕಾರಿನ ಹಾಗೆ ಓರೆ ಹಿಡಿದಳು. “ಮೂತಿ ಎದ್ರೆ ಚಕ್ರಕ್ಕೆ ಹೋಗೋ ಶಾಫ್ಟು ಓರೆಯಾಗುತ್ತೆ. ಉಮ್ಮಾ!” ಅಂದವಳೇ ಹಿಟ್ಟಿನ ಕೈಯನ್ನೇ ಹಿಡಿದು ಕಣ್ಣಿಗೊತ್ತಿಕೊಂಡಳು. ಮುಖವೆಲ್ಲ ಬೆಳ್ಳಗಾಯಿತು.

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಸುಗುಣನನ್ನು ಕರೆಸಿದಳು. ಇಡೀ ಕಾರು ತುಂಬಬೇಕು, ಆಗಲೇ ರೋಗ ಕಾಣಿಸುವುದು ಅಂದಳು. ನನ್ನನ್ನು ಗೋಡೆ ದಾಟಿಸಿ ಕರೆದಳು. ಹಿಂದಿನ ಸೀಟಿನಲ್ಲಿ ನಾನು, ಸುಗುಣ, ನನ್ನ ತೊಡೆಯ ಮೇಲೆ ನಿದಾ. ಡಿಕ್ಕಿಯಲ್ಲಿ ಅಕ್ಕಿಮೂಟೆ.

“ಇನ್ನೊಬ್ರಿಗೆ ಜಾಗ ಇದೆ. ಉಪ್ಪ, ಬನ್ನಿ,” ಅಂದಳು.

“ನಾನು ಹಿಂದಿನ ಸೀಟಲ್ಲಾ?” ಸೈದಲವಿಯವರು ಜಗಲಿಯಿಂದ ಇಳಿದು ಬಂದರು. “ಹಿಂದೆ ಕೂತು ಅಭ್ಯಾಸ ಇಲ್ಲ ನಂಗೆ. ಓಡಿಸೋರ್ಯಾರು?”

“ನಾನು,” ಅಂದರು ಬೀಕುಟ್ಟಿ ಉಮ್ಮ. ತಲೆಗೆ ಹೊದ್ದ ತಟ್ಟದ ಬಟ್ಟೆಯನ್ನು ಬಿಗಿಮಾಡಿಕೊಂಡು ಬಲಗಡೆಯ ಬಾಗಿಲು ತೆರೆದು ಕೂತೇಬಿಟ್ಟರು.

ಸೈದಲವಿಯವರ ಬಾಯಿ ತೆರೆದದ್ದು ಹಾಗೇ ಉಳಿಯಿತು. “ಸಂಘದ ಮೀಟಿಂಗು…”

“ಇದೇ ಸಂಘ. ಹತ್ತಿ, ಹೊತ್ತಾಗುತ್ತೆ.”

ನಾವು ಒಬ್ಬರ ಮೇಲೊಬ್ಬರು ಕೂತು ಹೊರಟೆವು. ಗೇಟು ದಾಟುವಾಗ “ಕ್ಲಚ್ಚು, ಕ್ಲಚ್ಚು!” ಎಂದು ಸೈದಲವಿಯವರು ಕೂಗಿದರು. ತಿರುವಿನಲ್ಲಿ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ನನ್ನ ಪಾದ ಜಜ್ಜಿತು. ಎದುರಿಗೆ ಲಾರಿ ಬಂದಾಗ ಕಣ್ಣು ಮುಚ್ಚಿದರು. ಉಮ್ಮ ಲಾರಿಗೆ ದಾರಿ ಬಿಟ್ಟು, ಇಂಡಿಕೇಟರ್ ಹಾಕಿ, ಮದುವೆ ಮನೆಗೆ ಹೊರಟವರ ಹಾಗೆ ಏರಿಗೆ ತಿರುಗಿಸಿದರು. ಎರಡನೇ ಗೇರು. ಕಾಲು ಒತ್ತಿದರು. ಗಡಗಡಗಡ!

“ಬಿಡಿ ಉಮ್ಮ,” ಅಂದ ಸುಗುಣ. ಬಿಟ್ಟರು. ನಿಂತಿತು.

“ಒತ್ತಿ.” ಮತ್ತೆ ಗಡಗಡ. ನಿದಾ ಕಿಲಕಿಲ ನಗುತ್ತಾ “ಆ…” ಎಂದು ರಾಗ ಎಳೆದಳು. ಅವಳ ದನಿಯೂ ನಡುಗಿತು. ಸುಗುಣ ಚಪ್ಪಲಿ ಕಳಚಿ ಬರಿಗಾಲನ್ನು ತಗಡಿನ ಮೇಲೊತ್ತಿ ಕೂತಿದ್ದ. “ಶಬ್ದ ಇಲ್ಲ, ಬರೀ ಒದ್ದಾಟ. ಗೇರ್‌ಬಾಕ್ಸ್ ಹತ್ತಿರದ ಜಾಯಿಂಟು. ಎಡಗಡೇದು.”

“ಅಲ್ಲ,” ಅಂದರು ಸೈದಲವಿಯವರು.

“ಅದೇ ಇಕ್ಕಾ.”

“ಅದು ಸಾಧ್ಯವೇ ಇಲ್ಲ ಅಂದ್ನಲ್ಲ! ಬೇರೇದು ಹುಡುಕು.”

ಉಮ್ಮ ಕನ್ನಡಿಯಲ್ಲಿ ಗಂಡನ ಮುಖ ನೋಡಿದರು. ಏರು ಹತ್ತಿಸಿ, ಮೇಲೆ ತಿರುಗಿಸಿ, ಇಳಿಸಿ, ನೇರವಾಗಿ ಗ್ಯಾರೇಜಿಗೇ ಬಿಟ್ಟರು.

ಸುಗುಣ ಜಾಕು ಹಾಕಿ ಕಾರಿನಡಿ ತೂರಿದ. ಟಾರ್ಚು ಹಿಡಿದು ಜುಮೈಲಳೂ ತೂರಿದಳು. ಸ್ವಲ್ಪ ಹೊತ್ತು ಕೆಸರು ಕೆರೆಯುವ ಸದ್ದು. ಆಮೇಲೆ ಸುಗುಣನ ದನಿ: “ಇದೇನಿದು? ಜಾಯಿಂಟು ಮುಚ್ಚೋ ಬೂಟಿನ ರಬ್ಬರು ಹರಿದಿದೆ, ಮೇಲೆ ಯಾರೋ ಏನೋ ಕಟ್ಟಿದಾರೆ. ಒಳಗೆ ಗ್ರೀಸೆಲ್ಲ ಮರಳು. ಬಿಚ್ಚೋಕೇ ಬರ್ತಿಲ್ಲ.”

ಕತ್ತರಿಸಿ ಹೊರಗೆ ಎಸೆದ. ಸೈಕಲ್ ಟ್ಯೂಬಿನ ಪಟ್ಟಿ. ಎರಡು ಸುತ್ತು ಬಲಕ್ಕೆ, ಒಂದು ಎಡಕ್ಕೆ, ತುದಿ ಒಳಗೆ.

ಉಮ್ಮ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದರು. “ಈ ಗಂಟು ನಮ್ಮನೇದು,” ಅಂದರು.

ನಿದಾ ತನ್ನ ಬ್ಯಾಗಿನ ಪಟ್ಟಿ ನೋಡಿಕೊಂಡಳು. ಸೈದಲವಿಯವರು ಆಕಾಶ ನೋಡಿದರು, ಗ್ಯಾರೇಜಿನ ತಗಡು ನೋಡಿದರು, ಕಡೆಗೆ ನೋಡಲು ಏನೂ ಉಳಿಯದೆ ಹೆಂಡತಿಯನ್ನು ನೋಡಿದರು.

“ಕಳೆದ ಮಳೆಗಾಲ ರಬ್ಬರು ಹರಿದಿತ್ತು. ಬಸ್ಸಿನ ಗ್ರೀಸು ಸ್ವಲ್ಪ ಇಟ್ಟಿದ್ದೆ. ಒಳ್ಳೇ ಗ್ರೀಸು, ತುಂಬಿ ಕಟ್ಟಿದೆ. ಸೊಸೆಗೆ ಖರ್ಚು ಬೇಡ ಅಂತ.”

“ಅದಕ್ಕೇ ಶಾಫ್ಟು ಒಂದೇ ಸರಿ ಇರೋದು!” ಎಂದು ಜುಮೈಲ ಕಾರಿನಡಿಯಿಂದಲೇ ನಗತೊಡಗಿದಳು. ಅವಳು ನಗುವುದು ಕೇಳಿ ಎಷ್ಟು ದಿನವಾಗಿತ್ತು! ಸುಗುಣನೂ ನಕ್ಕ, ನಾನಂತೂ ಟೈರಿನ ರಾಶಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡೆ. “ಉಸ್ತಾದರ ಹತ್ತಿರ ನೀರಿನ ಬದಲು ನಿಮ್ಮ ಮೇಲೆ ಓದಿಸಬೇಕಿತ್ತು,” ಎಂದು ಉಮ್ಮ ಕಣ್ಣೊರೆಸಿಕೊಂಡರು. ಸೈದಲವಿಯವರು ಬಿಗಿದುಕೊಂಡಿದ್ದು, ಕಡೆಗೆ ಮೀಸೆಯಡಿ ತಾವೂ ನಕ್ಕರು.

ಶನಿವಾರ ಬೆಳಿಗ್ಗೆ ಹೊಸ ಜಾಯಿಂಟು, ಹೊಸ ಬೂಟು, ಅದಕ್ಕೆ ತಕ್ಕ ಗ್ರೀಸು ಬಿತ್ತು. ಜುಮೈಲ ಸುಗುಣನ ಜೊತೆಗೇ ಕೂತು ಕೈಯೆಲ್ಲ ಕಪ್ಪು ಮಾಡಿಕೊಂಡು ಮನೆಗೆ ಬಂದಾಗ ಅಂಗಳದಲ್ಲಿ ಜಂಶೀರ್, ಬ್ರೋಕರ್ ಹೈದ್ರೋಸ್ ಕಾದಿದ್ದರು. ಸ್ಕೂಲಿನ ಬೋರ್ಡನ್ನು ಜಂಶೀರ್ ಹಿಂದಿನ ದಿನವೇ ಕಾರಿನ ಚಾವಣಿಯಿಂದ ಬಿಚ್ಚಿ ಸ್ನಾನದ ಮನೆಯ ಗೋಡೆಗೆ ಒರಗಿಸಿದ್ದ.

ಹೈದ್ರೋಸ್ ನಾಲ್ಕು ಜನರನ್ನು ತುಂಬಿಕೊಂಡು ಏರು ಹತ್ತಿಸಿ ಬಂದ. ಭಾರ ಹಾಕಿದರೆ ನಡುಗುವ ವಿಷಯ ಕಳ್ಳನಿಗೆ ಗೊತ್ತಿತ್ತು. ಇಳಿಯುವಾಗ ಮುಖ ಅರಳಿತ್ತು. “ನಡುಗುತ್ತೆ ಅಂದಿದ್ರಲ್ಲ ಜಂಶೀರ್? ಹೊಸ ಗಾಡಿ ಹಾಗಿದೆ! ನಾನು ಹೇಳಿದ್ದಕ್ಕಿಂತ ಮೇಲೆ ಕೊಡ್ತೀನಿ.”

ಇದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಕಾರು ಸರಿಯಾದರೆ ಉಳಿಯುತ್ತದೆ ಅಂದುಕೊಂಡಿದ್ದೆವು, ಸರಿಯಾದ ಕಾರಿಗೇ ಬೆಲೆ ಬಂದು ಕೂತಿತು.

“ಇಕ್ಕ, ನಡುಕ ನಿಂತಿದೆ,” ಅಂದಳು ಜುಮೈಲ. “ಉಪ್ಪ ಹೇಳಿದ್ದು…”

“ನಿಂತಿದೆ ಅಂತಾನೇ ಈಗ ಮಾರಬೇಕು ಜುಮೀ. ಹಳೇ ಗಾಡಿ, ನಾಳೆ ಇನ್ನೊಂದು ಬರುತ್ತೆ. ಉಪ್ಪ, ಕಾಗದ ತನ್ನಿ.”

ಸೈದಲವಿಯವರು ಒಳಗೆ ಹೋದರು. ಜುಮೈಲ ಗ್ರೀಸಿನ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು, ಎಲ್ಲಿ ಒರೆಸಬೇಕು ಅಂತಲೂ ತೋಚದವಳ ಹಾಗೆ. ನಾನು ಗೋಡೆಯ ಈಚೆಯಿಂದ ನೋಡುತ್ತಿದ್ದೆ.

ಸೈದಲವಿಯವರು ಹೊರಬಂದಾಗ ಕೈಯಲ್ಲಿ ಕಾಗದವಿರಲಿಲ್ಲ. ತಲೆಯ ಮೇಲೆ ಬೋರ್ಡು, ಕೊರಳಲ್ಲಿ ಹಾರದ ಹಾಗೆ ಸೈಕಲ್ ಟ್ಯೂಬು. ಯಾರನ್ನೂ ನೋಡದೆ ಬೋರ್ಡನ್ನು ಚಾವಣಿಯ ಕ್ಯಾರಿಯರ್ ಮೇಲಿಟ್ಟರು. ಎರಡು ಸುತ್ತು ಬಲಕ್ಕೆ, ಒಂದು ಎಡಕ್ಕೆ. ಮುಂದೆ ಒಂದು, ಹಿಂದೆ ಒಂದು. ಜಗ್ಗಿದರು.

“ಬೀಕುಟ್ಟೀ, ನಿನ್ನ ಟೆಸ್ಟು ಯಾವತ್ತು?”

“ಬುಧವಾರ.”

“ಹಾಗಾದ್ರೆ ಹತ್ತು. ನಿನ್ನೆ ನೋಡಿದೆ, ಮುಂದಕ್ಕೆ ಪರವಾಗಿಲ್ಲ. ರಿವರ್ಸು ಏನೇನೂ ಸಾಲದು.”

“ಟೆಸ್ಟಾ?” ಜಂಶೀರ್ ಅಮ್ಮನನ್ನು, ಅಪ್ಪನನ್ನು, ಕಾರನ್ನು ನೋಡಿದ. “ಉಮ್ಮನಿಗಾ? ಯಾವಾಗಿಂದ?”

“ನೀನು ಊಟಕ್ಕೆ ಕೂತಾಗ ತಲೆಯೆತ್ತಿದ್ರೆ ಗೊತ್ತಾಗಿರೋದು,” ಅಂದರು ಉಮ್ಮ, ಸೀಟನ್ನು ಮುಂದಕ್ಕೆ ಎಳೆದುಕೊಳ್ಳುತ್ತಾ.

ಜಂಶೀರ್ ಬೋರ್ಡಿನ ಗಂಟಿಗೆ ಕೈಹಾಕಿದ. ಹುಟ್ಟಿದಾಗಿನಿಂದ ಆ ಗಂಟು ಕಂಡವನು, ಆದರೂ ಹಾಕಿದ. ಹೈದ್ರೋಸನೂ ಒಂದು ಕೈ ನೋಡಿದ, ಉಗುರು ಬೆರಳೆರಡೂ ನೊಂದವು. “ಒಂದು ಚಾಕು ಕೊಡಿ,” ಅಂದ. ನಿದಾ ಅಜ್ಜಿಯ ಮುಖ ನೋಡಿದಳು, ಕದಲಲಿಲ್ಲ.

“ಏನ್ರೀ ಇದು! ಕೋಳಿ ಅಂಗಡಿಯವರ ಮನೇಲಿ ಚಾಕು ಇಲ್ವಾ?”

“ಇದೆ,” ಅಂದರು ಬೀಕುಟ್ಟಿ ಉಮ್ಮ. “ನಾನು ಬಂದ ಮೇಲೆ ಹುಡುಕಿ ಕೊಡ್ತೀನಿ.”

ಜಂಶೀರನ ಬಾಯಿಯ ಮೂಲೆಯಲ್ಲಿ ಮೊದಲು ನಗು ಕಾಣಿಸಿತು, ಆಮೇಲೆ ತಡೆಯಲಾಗದೆ ಹೊರಗೇ ಬಂತು. ಹೈದ್ರೋಸನ ಹೆಗಲ ಮೇಲೆ ಕೈಹಾಕಿ, “ಚಹಾ ಕುಡಿದು ಹೋಗಿ. ಇವತ್ತು ಕೋಳಿಕಾಲು ಕಟ್ಟಿಕೊಡ್ತೀನಿ,” ಅಂದ. “ನಂಗೂ!” ಎಂದು ನಿದಾ ಕೂಗಿದಳು.

ಜುಮೈಲ ಕೈಯನ್ನು ಗಂಡನ ಬಿಳಿ ಅಂಗಿಗೇ ಒರೆಸಿ, ಓಡಿಹೋಗಿ ಎಡಗಡೆ ಕೂತಳು. ಸೈದಲವಿಯವರು ಹಿಂದಿನ ಬಾಗಿಲು ತಾವೇ ತೆರೆದುಕೊಂಡು ಕೂತರು, ಯಾರೂ ಕರೆಯಲಿಲ್ಲ. ಉಮ್ಮ ಬಿಸ್ಮಿ ಹೇಳಿ ಕಾಲು ಒತ್ತಿದರು. ಕಾರು ಗೇಟು ದಾಟಿ ಪಾಲಕುನ್ನಿನ ಏರಿಗೆ ತಿರುಗಿ ಮೇಲೆ ಮೇಲೆ ಹೋಯಿತು. ಗೋಡೆಯ ಮೇಲೆ ಹತ್ತಿ ನಿಂತು ನಾನು ಕಣ್ಣಿಗೆ ಕಾಣುವವರೆಗೂ ನೋಡಿದೆ. ಚಾವಣಿಯ ಮೇಲಿನ ಬೋರ್ಡು ಒಂದಿಷ್ಟೂ ಅಲುಗಲಿಲ್ಲ.